ನಿನ್ನ ಕಿವಿಯಲ್ಲಿ ನಾನು ಹೇಳದ ಹೆಸರು

ತಿಪ್ಪವ್ವ, ನಿನ್ನ ಹೆಸರು ತಿಪ್ಪವ್ವ ಅಲ್ಲ. ನಿನ್ನ ಅವ್ವ ನಿನಗೆಂದು ಆರಿಸಿಟ್ಟಿದ್ದ ಹೆಸರು ಮಂದಾಕಿನಿ. ಅದನ್ನು ಕದ್ದು ನನ್ನ ಮಗಳಿಗೆ ಇಟ್ಟವಳು ನಾನು — ನಿನ್ನ ಸೋದರತ್ತೆ. ಕದ್ದದ್ದಷ್ಟೇ ಆಗಿದ್ದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂರುತ್ತಿರಲಿಲ್ಲವೋ ಏನೋ. ಆಮೇಲೆ ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನಿನಗೆ ಹೆತ್ತವ್ವ ಇದ್ದೂ ಇಲ್ಲದಂತಾದಳು.

ನೀನು ಹುಟ್ಟುವ ಮೊದಲು ನಿನ್ನ ಅವ್ವ ನೀಲವ್ವ ಎರಡು ಕೂಸು ಕಳೆದುಕೊಂಡಿದ್ದಳು. ಆಗ ನಮ್ಮ ತೇರಗಾಂವದಲ್ಲಿ ಕೂಸು ಉಳಿಯದ ಮನೆಯವರು ಮಾಡುತ್ತಿದ್ದದ್ದು ಒಂದೇ. ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುವುದು, ಬೇಡದ ಕಸದಂತೆ ಬಿಟ್ಟು ನಾಲ್ಕು ಹೆಜ್ಜೆ ಬರುವುದು, ತಿರುಗಿ ಹೋಗಿ ಎತ್ತಿಕೊಂಡು ತಿಪ್ಪವ್ವ ಎಂದೋ ತಿಪ್ಪಣ್ಣ ಎಂದೋ ಕರೆಯುವುದು. ಅಂಥ ಹೆಸರಿನ ಕೂಸು ಸಾವಿಗೂ ಬೇಡವಾಗಲಿ ಎಂದು. ನಾನು ಚಿಕ್ಕವಳಿದ್ದಾಗ ಓಣಿಗೊಬ್ಬ ತಿಪ್ಪವ್ವ ಇದ್ದಳು. ಮಂದಾಕಿನಿ ಎಂಬ ಹೆಸರನ್ನು ಮಾತ್ರ ಊರಲ್ಲಿ ಯಾರೂ ಕೇಳಿರಲಿಲ್ಲ.

ನೀಲವ್ವ ಅದನ್ನು ಕೇಳಿದ್ದು ದಾಂಡೇಲಿಯಲ್ಲಿ. ನಿನ್ನ ಅಪ್ಪ — ನನ್ನ ತಮ್ಮ — ಅಲ್ಲಿ ಕಟ್ಟಿಗೆ ಸಾಗಿಸುವ ಕೆಲಸಕ್ಕಿದ್ದ. ಬಸುರಿ ನೀಲವ್ವ ಅವನ ಜೊತೆ ನಾಲ್ಕು ದಿನ ಇದ್ದು ಬಂದಳು. ಪಕ್ಕದ ಬಿಡಾರದ ಹೆಂಗಸು ಸಂಜೆ ಬಾಗಿಲಲ್ಲಿ ನಿಂತು ಮಗಳನ್ನು ಆ ಹೆಸರು ಹಿಡಿದು ಕರೆಯುತ್ತಿದ್ದಳಂತೆ. ಆ ಹುಡುಗಿ ಎಲ್ಲಿದ್ದರೂ ಓಡಿ ಬರುತ್ತಿದ್ದಳಂತೆ. ಇದನ್ನು ಹೇಳುವಾಗ ನೀಲವ್ವನ ಮುಖ — ಬೇಡ, ಅದನ್ನು ಬಣ್ಣಿಸುವ ಯೋಗ್ಯತೆ ನನಗಿಲ್ಲ.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನೀನು ಹುಟ್ಟಿದೆ. ತಿಪ್ಪೆಯ ಶಾಸ್ತ್ರಕ್ಕೆ ಅವಳು ಅಡ್ಡ ಬರಲಿಲ್ಲ, ಹೆಸರಿಗೆ ಮಾತ್ರ ಮನಸ್ಸು ಒಗ್ಗಲಿಲ್ಲ. ನನ್ನ ಅವ್ವನ, ಅಂದರೆ ಅವಳ ಅತ್ತೆಯ ಎದುರು ಮಾತಾಡುವ ಧೈರ್ಯ ಅವಳಿಗೆಲ್ಲಿಯದು? ಆದರೆ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳ ಬಾಯಿಂದ ಬಂದದ್ದನ್ನು ಆಮೇಲೆ ಯಾರೂ ತಿದ್ದುವಂತಿಲ್ಲ. ಹಿಂದಿನ ದಿನ ನೀಲವ್ವ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾರ, ತಿಪ್ಪಿ ಮ್ಯಾಲೆ ಹಾಕಿದ್ದು ಸಾಕ್ರಿ. ಹೆಸರರ ಛಲೋದು ಇರ್ಲಿ. ನಿಮ್ಮ ಕೈಯಾಗ ಐತಿ."

"ಆತು, ಹೇಳ್ತೇನಿ" ಎಂದೆ.

ಮರುದಿನ ಸುತ್ತ ನಿಂತ ಹೆಂಗಸರು ನಗುತ್ತ ಶಾಸ್ತ್ರದಂತೆ ನನ್ನ ಬೆನ್ನಿಗೆ ಗುದ್ದುತ್ತಿರುವಾಗ ನಾನು ತೊಟ್ಟಿಲಿಗೆ ಬಗ್ಗಿ, ನಿನ್ನ ಕಿವಿಗೆ ಬಾಯಿಟ್ಟು, ಮೂರು ಸಲ ತಿಪ್ಪವ್ವ ಎಂದೆ.

ಕೂಸು ಬದುಕಲಿ ಎಂದು ಹಾಗೆ ಮಾಡಿದೆ ಅಂತ ಹೇಳಿಕೊಂಡು ತಿರುಗಿದೆ. ನಿಜ ಬೇರೆ. ಊರಿನ ಹೆಣ್ಣುಮಕ್ಕಳಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನೊಬ್ಬಳೇ. ಹೆಬ್ಬೆಟ್ಟು ಒತ್ತುವ ನೀಲವ್ವನಿಗೆ ಅಂಥ ಹೆಸರು ಸಿಕ್ಕಿತಲ್ಲ ಎಂಬ ಹೊಟ್ಟೆಕಿಚ್ಚು. ಎರಡು ಗಂಡುಮಕ್ಕಳ ಮೇಲೆ ನನಗೂ ಒಂದು ಹೆಣ್ಣು ಬೇಕಿತ್ತು. ಹೆಸರನ್ನು ಆಗಲೇ ಎತ್ತಿಟ್ಟುಕೊಂಡಿದ್ದೆ.

ಅಂದು ಬಾಣಂತಿ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸಮಾಧಾನ ಮಾಡುವವಳಂತೆ ಪಕ್ಕದಲ್ಲಿ ಕೂತು ಹೇಳಿದೆ: "ಇನ್ನ ಆ ಹೆಸರ ಬಾಯಾಗ ತರಬ್ಯಾಡ, ನೀಲಾ. ತಂದೀ ಅಂದ್ರ ಈ ಕೂಸೂ ಉಳಿಯೂದಿಲ್ಲ."

ಎರಡು ಕೂಸು ಮಣ್ಣಿಗಿಟ್ಟವಳಿಗೆ ಅಷ್ಟು ಸಾಕಿತ್ತು. ಎರಡು ವರ್ಷಕ್ಕೆ ನನಗೆ ಹೆಣ್ಣು ಹುಟ್ಟಿ, ಮಂದಾಕಿನಿ ಎಂದು ಹೆಸರಿಟ್ಟಾಗ ಅವಳೂ ಬಂದಿದ್ದಳು. ತೊಟ್ಟಿಲು ತೂಗಿದಳು, ಗುಗ್ಗರಿ ಸೆರಗಿಗೆ ಹಾಕಿಸಿಕೊಂಡಳು, ಮನೆಗೆ ಹೋದಳು.

ಹೆಸರು ಊರಿಗೆ ಹಿಡಿಸಿತು. ಎಲ್ಲಿಂದ ತಂದೆ ಎಂದು ಕೇಳಿದವರಿಗೆಲ್ಲ ಪುಸ್ತಕದಲ್ಲಿ ಓದಿದ್ದೆ ಎಂದೆ. ಮೊದಲು ಗೌಡರ ಮನೆಯವರು ಇಟ್ಟರು, ಆಮೇಲೆ ಕೆಳಗಿನ ಓಣಿಯವರು, ಹಳಿಯಾಳದ ಬೀಗರೂ ಇಟ್ಟರು. ನನ್ನ ಮಗಳು ಒಂದನೆಯ ಇಯತ್ತೆಗೆ ಹೋಗುವ ಹೊತ್ತಿಗೆ ಸಾಲೆಯಲ್ಲಿ ಮಂದಾಕಿನಿಯರು ನಾಲ್ವರು. ಮಾಸ್ತರರು ಅಪ್ಪಂದಿರ ಹೆಸರು ಸೇರಿಸಿ ಹಾಜರಿ ಕರೆಯಬೇಕಾಯಿತು. ಅಷ್ಟರಲ್ಲಿ ಊರಿಗೆ ನರ್ಸಬಾಯಿ ಬರತೊಡಗಿದ್ದಳು, ಕೂಸುಗಳು ಉಳಿಯತೊಡಗಿದ್ದವು. ತಿಪ್ಪೆಯ ಶಾಸ್ತ್ರ ಯಾರಿಗೂ ಬೇಡವಾಯಿತು. ನಿನ್ನ ನಂತರ ನಮ್ಮೂರಲ್ಲಿ ತಿಪ್ಪವ್ವ ಎಂದು ಯಾರಿಗೂ ಇಡಲಿಲ್ಲ. ಇಡೀ ಸಾಲೆಯಲ್ಲಿ ನೀನೊಬ್ಬಳೇ.

ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ನೀನು ಅಳುತ್ತ ಬಂದು ಪಾಟಿ ಬಿಸಾಕಿದೆ. ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಕೂತರಂತೆ. ನೀಲವ್ವ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದಳು, ನಾನು ಎದುರಿಗಿದ್ದೆ. ನೀನು ಕೇಳಿದ್ದು ನನ್ನನ್ನು: "ಅತ್ತಿ, ನನಗ ಈ ಹೆಸರ ಯಾರ ಇಟ್ಟಾರ?"

"ನಿಮ್ಮವ್ವನ ಇಟ್ಟಾಳ. ನಾ ಬ್ಯಾಡ ಅಂದ್ರೂ ಕೇಳಲಿಲ್ಲ."

ಮೊರ ನಿಂತಿತು. ನೀಲವ್ವ ನನ್ನನ್ನು ನೋಡಿದಳು, ಆಮೇಲೆ ನಿನ್ನನ್ನು — ಬದುಕಿ ಉಳಿದು ಎದುರು ನಿಂತಿದ್ದ ನಿನ್ನನ್ನು. ನಿಜ ಹೇಳಬೇಕೆಂದರೆ ಆ ಹೆಸರು ಬಾಯಿಗೆ ಬರಬೇಕು. ಅವಳು ತರಲಾರಳೆಂದು ನನಗೆ ಗೊತ್ತಿತ್ತು. ತಲೆ ತಗ್ಗಿಸಿ ಮತ್ತೆ ಕೇರತೊಡಗಿದಳು.

ಅಂದಿನಿಂದ ನೀನು ಸಾಲೆ ಬಿಟ್ಟೆ, ಅವಳ ಜೊತೆ ಮಾತೂ ಬಿಟ್ಟೆ. ಹೊತ್ತು ಮುಳುಗುವವರೆಗೆ ಅದೇ ಓಣಿಯಲ್ಲಿದ್ದ ನನ್ನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಅವಳು ನಿನ್ನನ್ನು ತಿಪ್ಪವ್ವ ಎಂದು ಒಂದು ದಿನವೂ ಕರೆದವಳಲ್ಲ, 'ಮಗಳ' ಎಂದಷ್ಟೇ ಕರೆಯುತ್ತಿದ್ದಳು. "ತಾನ ಇಟ್ಟ ಹೆಸರ ಕರಿಯಾಕ ಆಕೀಗೇ ನಾಚಿಕಿ" ಎಂದು ನೀನು ಅಂದಾಗ ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ.

ಎರಡು ವರ್ಷಕ್ಕೆ ಅವಳು ಕಾಮಾಲೆಯಿಂದ ಹಾಸಿಗೆ ಹಿಡಿದಳು. ಕೊನೆಯ ದಿನ ನಿನ್ನ ಕಡೆ ಕೈ ಚಾಚಿದಳು. ನೀನು ಬಾಗಿಲ ಚೌಕಟ್ಟು ಬಿಟ್ಟು ಒಳಗೆ ಬರಲಿಲ್ಲ. ನಾನು ಅವಳ ತಲೆದಿಂಬಿನ ಹತ್ತಿರವೇ ಕೂತಿದ್ದೆ, ಹೇಳಬಹುದಿತ್ತು. ಜನ ತುಂಬಿದ್ದರು, ನನ್ನ ಮಂದಾಕಿನಿ ನನ್ನ ಸೆರಗು ಹಿಡಿದು ನಿಂತಿದ್ದಳು — ಬಾಯಿ ತೆರೆದೆ, ಅವಳಿಗೆ ನೀರು ತನ್ನಿ ಎಂದೆ.

ನೀನು ಈಗ ಇಲ್ಲೇ ಹತ್ತಿರದ ಇಂದೂರಿನಲ್ಲಿ ಮೊಮ್ಮಕ್ಕಳ ನಡುವೆ ಇದ್ದೀಯ. ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರವೂ ಮರೆತ ನೀನು ಇದನ್ನು ಓದಲಾರೆ, ಅದಕ್ಕೂ ಕಾರಣ ನಾನೇ. ಬರುವ ಸೋಮವಾರ ಬಂದು ನಿನ್ನ ಎದುರು ಕೂತು ನಾನೇ ಓದುತ್ತೇನೆ. ಓದುವಾಗ ಒಂದು ಮಾತೂ ಮೆತ್ತಗೆ ಮಾಡಬಾರದೆಂದು ಬರೆದಿಟ್ಟುಕೊಂಡಿದ್ದೇನೆ. ಕ್ಷಮಿಸು ಎನ್ನುವುದಿಲ್ಲ. ಕ್ಷಮಿಸಬೇಕಾದವಳು ಮಣ್ಣಾಗಿದ್ದಾಳೆ.

ನೀನು ಮಾತು ಬಿಟ್ಟ ಆ ದಿನಗಳಲ್ಲಿ ಸಂಜೆ ನೀಲವ್ವ ತನ್ನ ಬಾಗಿಲಲ್ಲಿ ನಿಂತು, ದಾಂಡೇಲಿಯ ಆ ಹೆಂಗಸು ನಿಂತಂತೆಯೇ ನಿಂತು, ಓಣಿಯ ಈಚೆ ಇದ್ದ ನಿನ್ನನ್ನು ಕರೆಯುತ್ತಿದ್ದಳು. ಮೊದಲು ಬಾಯಿ ತೆರೆಯುತ್ತಿದ್ದಳು, ಒಂದು ಗಳಿಗೆ ತಡೆಯುತ್ತಿದ್ದಳು, ಆಮೇಲೆ "ಮಗಳ, ಬಾ" ಎನ್ನುತ್ತಿದ್ದಳು. ನೀನು ನನ್ನ ಮನೆಯ ಕಂಬ ತಬ್ಬಿಕೊಂಡು ಕೂತಿರುತ್ತಿದ್ದೆ. ಒಂದು ದಿನವೂ ಓಡಿ ಹೋಗಲಿಲ್ಲ.