ಹದಿನೆಂಟು ಫಾರಮುಗಳ ಪರಮಸುಖ

೨೦೦೬ರಲ್ಲಿ ದೋಹಾದ ಸಂಶೋಧನಾ ಸಂಸ್ಥೆಯೊಂದಕ್ಕೆ ಬಂದು ಸೇರಿದ ಅಕ್ಷಯನ ಹುದ್ದೆಯ ಹೆಸರು ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಕೆಲಸ ಮಾತ್ರ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು. ಊರಾದ ಕಿನ್ನಿಗೋಳಿಯಲ್ಲಿ ಅಮ್ಮ ‘ಮಗ ಸಂಶೋಧಕ’ ಎಂದು ಸಾರಿಕೊಂಡು ಬರುತ್ತಿದ್ದರು. ಅದನ್ನು ನಂಬದವರು ಇಬ್ಬರೇ, ಅಕ್ಷಯ ಮತ್ತು ಆ ಪ್ರಿಂಟರು.

ಎರಡನೆಯ ವರ್ಷ ಅವನ ಪಾಲಿಗೂ ಒಂದು ಯೋಜನೆ ಬಂತು. ಅಲ್ ಗರಾಫಾದ ಫ್ಲ್ಯಾಟುಗಳಲ್ಲಿ ಗಂಡ ಆಫೀಸಿಗೂ ಮಕ್ಕಳು ಶಾಲೆಗೂ ಹೋದ ಮೇಲೆ ಒಬ್ಬೊಬ್ಬರೇ ಉಳಿಯುವ, ಊರ ಕಡೆಯ ಹದಿನೆಂಟು ಹೆಂಗಸರಿಗೆ ಕಂಪ್ಯೂಟರಿನಲ್ಲಿ ಫೋಟೊ, ದನಿ ಜೋಡಿಸಿ ಕಥೆ ಕಟ್ಟಲು ಕಲಿಸಬೇಕು. ಅದರಿಂದ ಒಂಟಿತನ ಇಳಿಯುತ್ತದೆಯೇ ನೋಡಬೇಕು. ಕಲಿಸುವ ಮುಂಚೆ ಒಂದು ಫಾರಂ, ಕಲಿಸಿದ ಮೇಲೆ ಇನ್ನೊಂದು. ಆರು ವಾರದ ಬಳಿಕ ಸಮಿತಿ ಒಪ್ಪದಿದ್ದರೆ ಯೋಜನೆ ಖಲಾಸ್; ಜೊತೆಗೆ ಅವನ ವೀಸಾವೂ.

ಮೊದಲ ಫಾರಮುಗಳು ಬಂದವು. ಎಲ್ಲ ಪ್ರಶ್ನೆಗಳಿಗೂ ಎಲ್ಲರದೂ ಸಂತೋಷ ಐದಕ್ಕೆ ಐದು. ಇಳಿಸಲು ಒಂಟಿತನವೇ ಇಲ್ಲ!

ಮೇಲಧಿಕಾರಿ ಎಲಿಜಬೆತ್ ಮೇಡಂ ಬಜ್ಪೆ ಕಡೆಯವರು. ಕನ್ನಡಕವನ್ನು ಹಣೆಗೇರಿಸಿದರು. “ಇಷ್ಟು ಸುಖ ಸ್ವರ್ಗದಲ್ಲೂ ಇಲ್ಲ ಮಾರಾಯಾ. ನೀನು ಎಂತ ಕೇಳಿದ್ದು ಇವರ ಹತ್ರ?”

ಮರುದಿನ ಕ್ಲಾಸಿನಲ್ಲಿ ಅಕ್ಷಯ ಉಳ್ಳಾಲದ ಶರೀಫಾರನ್ನು ವಿಚಾರಿಸಿದ. “ಶರೀಫಾಕ್ಕ, ನಿಮಗೆ ಬೇಸರವೇ ಆಗುವುದಿಲ್ವಾ? ಫಾರಮಲ್ಲಿ ಹಾಗೇ ಬರೆದಿದ್ದೀರಿ.”

“ನಾನಾ ಬರೆದದ್ದು? ನಮ್ಮವರು! ಸಹಿ ಕೇಳುವ ಕಾಗದ ಎಲ್ಲ ಅವರೇ ನೋಡುವುದು. ಹೆಂಡತಿಗೆ ಬೇಸರ ಅಂತ ಬರೆದು ಫ್ಯಾಮಿಲಿ ವೀಸಾ ಕಳ್ಕೊಳ್ಳುವುದಾ ಅಂತ ಕೇಳಿದ್ರು.”

ಕ್ಲಾಸೆಲ್ಲ ನಕ್ಕಿತು. ಹದಿನೆಂಟು ಮನೆಗಳಲ್ಲೂ ಅದೇ ಕಥೆ. ವಿಜ್ಞಾನ ಗಂಭೀರವಾಗಿ ಕಾಣಲಿ ಎಂದು ಫಾರಮಿನ ತಲೆಯ ಮೇಲೆ ಸೀಲು ಒತ್ತಿ, ಪಾಸ್‌ಪೋರ್ಟ್ ನಂಬರು ಕೇಳಿದ್ದ ಮಹಾಬುದ್ಧಿವಂತ ಅಕ್ಷಯನೇ.

“ಮತ್ತೆ ನಿಜ ಯಾರಿಗೆ ಹೇಳ್ತೀರಿ?”

“ನಾನು ಸಣ್ಣವಳಿರುವಾಗ ಉಪ್ಪ ದುಬೈಯಿಂದ ಉಮ್ಮನಿಗೆ ಕ್ಯಾಸೆಟ್ಟಲ್ಲಿ ಮಾತಾಡಿ ಕಳಿಸ್ತಿದ್ರು ಮಾಷ್ಟ್ರೇ. ಅತ್ತದ್ದೂ ಕೇಳ್ತಿತ್ತು. ಫಾರಮಿನ ಎದುರು ಯಾರು ಅಳ್ತಾರೆ?”

ಅಕ್ಷಯ ಫಾರಮುಗಳನ್ನು ಕಟ್ಟಿಟ್ಟ. ಊರಿನಲ್ಲಿರುವ ಒಬ್ಬರಿಗೆ, ಫೋಟೊ ಇಟ್ಟು ಮಾತಾಡಿ ಕಳಿಸಿ ಎಂದ. ಪರದೆಯ ಮೇಲೆ ಫೋಟೊ ಮೂಡಿತು, ಶರೀಫಾ ತಾಯಿಗೆ ಮಾತಾಡಿದ ದನಿ ಸ್ಪೀಕರಿನಲ್ಲಿ ಬಂತು: “ಉಮ್ಮಾ, ಇದು ನನ್ನ ಕಿಟಕಿ. ಆರು ವರ್ಷದಿಂದ ಎದುರಿಗೆ ಇದೇ ಗೋಡೆ. ಮಾತಾಡ್ಲಿಕ್ಕೂ ಇದೇ.”

ಹಿಂದಿನ ಸಾಲಿನಿಂದ ಮೂಡುಬಿದಿರೆಯ ಪೂವಕ್ಕ ತಟ್ಟನೆ ಎದ್ದರು. “ನಿಲ್ಲಿಸಿ, ನಿಲ್ಲಿಸಿ! ಅದು ನಮ್ಮ ಬಿಲ್ಡಿಂಗಿನ ಗೋಡೆ. ಕಿಟಕಿಯಲ್ಲಿರುವ ಆ ನೀಲಿ ಬಕೆಟು ನನ್ನದು! ನೀವು ಆ ಕಡೆ ಇರುವುದಾ? ನಾನು ಈ ಕಡೆಯಿಂದ ನಿಮ್ಮ ಗೋಡೆ ನೋಡ್ತಾ ಕೂತಿದ್ದೇನಲ್ಲ!”

ಸಂಜೆ ಶರೀಫಾರ ಮನೆಯಲ್ಲಿ ಚಹಾ. ಮುಂದಿನ ವಾರ ಆ ಚಹಾಕ್ಕೆ ಐದು ಜನ. ಹಾಳೆಯಲ್ಲಿ ಹದಿನೆಂಟು ಚುಕ್ಕಿ ಇಟ್ಟು, ಯಾರು ಯಾರ ಮನೆಗೆ ಹೋದರೆಂದು ಅಕ್ಷಯ ವಾರವಾರವೂ ಗೆರೆ ಎಳೆಯುತ್ತ ಹೋದ. ಚಹಾಕ್ಕೆ ಮುಂಚಿನ ಮೊದಲ ವಾರದ ಹಾಳೆಯಲ್ಲಿ ಬರೀ ಚುಕ್ಕಿ. ಆರನೆಯ ವಾರದ್ದು ಮೀನಿನ ಬಲೆ.

ಸಮಿತಿಯ ಮುಂದೆ ಅವನು ಆ ಎರಡು ಹಾಳೆಗಳನ್ನೇ ಇಟ್ಟ. ಒಬ್ಬ ಸದಸ್ಯರು ಹುಬ್ಬೇರಿಸಿ ಕೇಳಿದರು, ಮೊದಲ ಫಾರಮುಗಳ ಅಂಕಿಅಂಶ ಎಲ್ಲಿ?

“ಅದರಿಂದ ತಿಳಿದದ್ದು ಒಂದೇ ಸರ್. ಹದಿನೆಂಟು ಗಂಡಂದಿರು ಪರಮಸುಖಿಗಳು.”

ಕೇಳಿದವರೇ ಮೊದಲು ನಕ್ಕರು. ಜೊತೆಗೆ ಬಂದಿದ್ದ ಶರೀಫಾ ಎದ್ದು ತಮ್ಮ ಕಿಟಕಿಯ ಕಥೆಯನ್ನು ತಾವೇ ತೋರಿಸಿ, ಅದನ್ನು ಹೇಗೆ ಕಟ್ಟಿದರೆಂದು ಮೌಸು ಹಿಡಿದು ವಿವರಿಸಿದಾಗ ನಗುವೂ ನಿಂತಿತು. ಯೋಜನೆ ಉಳಿಯಿತು, ಅಲ್ ಥುಮಾಮಾ, ಅಲ್ ವುಕೈರ್‌ಗೂ ಹಬ್ಬಿತು. ಅಲ್ಲಿ ಕಲಿಸಲು ಸಂಸ್ಥೆ ನೇಮಿಸಿದ್ದು ಶರೀಫಾರನ್ನೇ.

ವೀಸಾ ನವೀಕರಣದ ದಿನ ಅಕ್ಷಯನ ಮೇಜಿಗೂ ಸೀಲು ಒತ್ತಿದ ಫಾರಮೊಂದು ಬಂತು: ‘ಕೆಲಸದಲ್ಲಿ ಎಷ್ಟು ಸಂತೋಷವಾಗಿದ್ದೀರಿ?’ ಅವನು ಐದಕ್ಕೆ ಗುರುತು ಹಾಕಿದ.

ಶರೀಫಾ ಹೆಗಲ ಮೇಲಿಂದ ಇಣುಕಿದರು. “ವೀಸಾಕ್ಕಾ, ಮಾಷ್ಟ್ರೇ?”

“ಈ ಸಲ ನಿಜ ಅಕ್ಕ.”

“ಫಾರಮನ್ನು ನಾವು ನಂಬುವುದಿಲ್ಲ. ಅಮ್ಮನಿಗೆ ಮಾತಾಡಿ ಕಳಿಸಿ. ಯಲ್ಲಾ, ಹೊರಡಿ!”

ಅಕ್ಷಯ ಕ್ಯಾಮೆರಾ ಎತ್ತಿಕೊಂಡು ಹೋದ. ಮೊದಲ ಫೋಟೊ ತೆಗೆದದ್ದು ಪ್ರಿಂಟರಿನದು.