ಓರ್ಫಾಳ ಸೇಬಿನ ಪೈ

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮೂರಲ್ಲಿ ಓರ್ಫಾ ಪೆಲ್ಕಿ ಎಂಬ ವಿಧವೆ ಹೆದ್ದಾರಿ ಪಕ್ಕ ಸಣ್ಣದೊಂದು ಹೋಟೆಲು ನಡೆಸುತ್ತಿದ್ದಳು. ರಾಜ್ಯದ ಹಕ್ಕಿ ಇದು, ರಾಜ್ಯದ ಮರ ಅದು ಎಂದು ಯಾರಾದರೂ ಹೆಮ್ಮೆಪಟ್ಟರೆ ಅವಳು ಕ್ಯಾರೇ ಅನ್ನುತ್ತಿರಲಿಲ್ಲ. "ತಾನು ಸರ್ಕಾರಿ ಕೆಲಸದಲ್ಲಿದೀನಿ ಅಂತ ಹಕ್ಕಿಗೇನು ಗೊತ್ತು?" ಎನ್ನುತ್ತಿದ್ದಳು.

ಆದರೆ ಹಿಟ್ಟಿನ ಹೊದಿಕೆಯೊಳಗೆ ಸೇಬು ತುಂಬಿ ಅವಳು ಬೇಯಿಸುತ್ತಿದ್ದ ಸೇಬಿನ ಪೈ ರಾಜ್ಯದ ಪೈ ಆಯಿತು ನೋಡಿ, ಅವಳಿಗೂ ಕೊಂಬು ಮೂಡಿತು. ಪೈ ಬಡಿಸುವವರು ಜೊತೆಗೆ ತಣ್ಣನೆ ಹಾಲನ್ನೋ, ಚೆಡ್ಡಾರ್ ಚೀಸಿನ ತುಂಡನ್ನೋ, ವೆನಿಲಾ ಐಸ್‌ಕ್ರೀಮನ್ನೋ ಕೊಡಲು ಪ್ರಾಮಾಣಿಕ ಪ್ರಯತ್ನ ಮಾಡಬೇಕೆಂದು ಕಾನೂನಿನಲ್ಲಿದೆ. ತಪ್ಪಿದವರಿಗೆ ಶಿಕ್ಷೆಯ ಮಾತಿಲ್ಲ. ಆ ಕೊರತೆಯನ್ನು ಓರ್ಫಾ ತಾನೇ ತುಂಬಿಕೊಟ್ಟಳು.

ಒಂದು ಅಕ್ಟೋಬರಿನಲ್ಲಿ ಉದುರುವ ಮುನ್ನ ಕೆಂಪಾಗುವ ಎಲೆಗಳನ್ನು ನೋಡಲು ನ್ಯೂಜೆರ್ಸಿ ರಾಜ್ಯದ ಲೆನರ್ಡ್, ಅವನ ಹೆಂಡತಿ ಮೈರಾ ಬಂದರು.

"ಬರೀ ಪೈ ಕೊಡಮ್ಮ," ಎಂದ ಲೆನರ್ಡ್.

"ಬರೀದು ಆಗಲ್ಲ. ಹಾಲು ಕೊಡ್ಲಾ?"

"ನಾನೇನು ಹಸುಗೂಸಾ?"

"ಐಸ್‌ಕ್ರೀಮು?"

"ಹಲ್ಲು ಜುಂ ಅನ್ನತ್ತೆ."

"ಹಾಗಾದ್ರೆ ಚೀಸು."

"ಸೇಬಿನ ಜೊತೆ ಚೀಸಾ? ತಲೆ ಕೆಟ್ಟಿದ್ಯಾ ನಿಮಗೆಲ್ಲ?"

ಓರ್ಫಾ ಚೀಸನ್ನು ಇಟ್ಟೇಬಿಟ್ಟಳು. ಅವನು ತಳ್ಳಿದ. ಇವಳು ಮತ್ತೆ ಇಟ್ಟಳು. ಕೊನೆಗೆ ಅವನು ರೇಗಿ, ಪಕ್ಕದ ಮೇಜಿನಲ್ಲಿ ಸೂಪು ಕುಡಿಯುತ್ತಿದ್ದ ಊರಿನ ಕಾನ್‌ಸ್ಟೇಬಲ್ ರೋಲೆಂಡನನ್ನೇ ಕರೆದ.

ರೋಲೆಂಡ್ ಮೀಸೆ ಒರೆಸಿಕೊಂಡು ಎದ್ದು ಬಂದ. "ಸ್ವಾಮಿ, ಅವಳು ಪ್ರಯತ್ನ ಮಾಡ್ಬೇಕು ಅಂತ ಕಾನೂನು. ನೀವು ತಿನ್ಬೇಕು ಅಂತಿಲ್ಲ. ಓರ್ಫಾ, ಸಾಕು ಬಿಡೇ."

"ನನ್ನ ಪ್ರಾಮಾಣಿಕತೆ ಇನ್ನೂ ಮುಗ್ದಿಲ್ವಲ್ಲ!"

ಮೂವರೂ ವಾದಿಸುತ್ತಿರುವಾಗ ಮೈರಾ ಸದ್ದಿಲ್ಲದೆ ತನ್ನ ತಟ್ಟೆಯನ್ನೂ, ಗಂಡನದನ್ನೂ, ಚೀಸಿನ ಸಮೇತ ಖಾಲಿ ಮಾಡಿದ್ದಳು. "ಅಯ್ಯೋ, ಏನ್ ಚೆನ್ನಾಗಿದೆ ರೀ ಇದು!" ಎಂದಳು.

"ಸಾಕ್ಷ್ಯ ನಾಶ ಆಯ್ತು," ಎಂದ ರೋಲೆಂಡ್ ತನ್ನ ಸೂಪಿಗೆ ಮರಳಿದ.

ಮರುವರ್ಷವೂ ಅವರು ಬಂದರು. ಮೈರಾ ಒಳಗೆ ಬಂದು ಕೂತಳು. ಲೆನರ್ಡ್ ಮುನಿಸಿಕೊಂಡು ಕಾರಿನಲ್ಲೇ ಉಳಿದ. ಕಿಟಕಿಯಿಂದ ನೋಡಿದ ಓರ್ಫಾಗೆ ಏನನ್ನಿಸಿತೋ, ಬಿಸಿ ಪೈ ಹಿಡಿದು ಹೊರಗೆ ಹೋದಳು. ಜೊತೆಯಲ್ಲಿ ಹಾಲಿಲ್ಲ, ಐಸ್‌ಕ್ರೀಮಿಲ್ಲ, ಚೀಸೂ ಇಲ್ಲ.

ಲೆನರ್ಡ್ ಅನುಮಾನದಿಂದ ನೋಡಿದ. "ನಿಮ್ಮ ಕಾನೂನು?"

"ಕಾರಿನ ನಂಬರ್ ಪ್ಲೇಟು ನ್ಯೂಜೆರ್ಸಿದು. ಅದರೊಳಗೆ ನಮ್ಮ ಸರ್ಕಾರದ್ದೇನೂ ನಡೆಯಲ್ಲ. ಕಾಲು ಮಾತ್ರ ಹೊರಗಿಡ್ಬೇಡಪ್ಪ."

ಅವನು ಕಾಲುಗಳನ್ನು ಒಳಗೆಳೆದುಕೊಂಡು, ಬಾಗಿಲು ಹಾಕಿಕೊಂಡು, ಚೂರೂ ಬಿಡದೆ ತಿಂದ.