ಮುಳ್ಳಿನ ಒಳಗೆ ಒಂದು ಮಂಗಳವಾರ

ತೊಂಬತ್ತರ ದಶಕದ ಕೊನೆಯ ಮಾತು. ನಾವು ಮೂವರು, ನಮ್ಮ ಮೋಟರ್‌ಸೈಕಲ್ ಗಾಡಿಗಳೂ ಮೂರು. ವರ್ಷಕ್ಕೆ ಎರಡು ಸಲವಾದರೂ ಕೊಟ್ಟೂರು ಬಿಟ್ಟು ಗುಡ್ಡ ಸುತ್ತಿ ಬರದಿದ್ದರೆ ನಮಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಒಬ್ಬ ಗಾಡಿ ರಿಪೇರಿ ಮಾಡುವ ಮಿಸ್ತ್ರಿ, ಎಂಜಿನ್ನಿನ ಸದ್ದು ಕೇಳಿಯೇ ಅದರ ಜಾತಕ ಹೇಳುವವನು. ಇನ್ನೊಬ್ಬ ಕಾಳಿನ ವ್ಯಾಪಾರದ ಮನೆಯವನು. ಅವನನ್ನು ಸಾವ್ಕಾರ ಅಂತ ಕರೆಯುತ್ತಿದ್ದೆವು, ಯಾಕೆಂದರೆ ಗುಡ್ಡದ ತುದಿಯಲ್ಲೂ ಅವನಿಗೆ ಹೊತ್ತಿಗೆ ಸರಿಯಾಗಿ ಚಹಾ ಬೇಕು. ನಾನು ಪಾಟಿ-ಪುಸ್ತಕದ ಅಂಗಡಿಯವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲಿಂದ ಬಹಳ ದೂರ ಹೋಗಿಲ್ಲ.

ಆ ಸಲದ ತಿರುಗಾಟಕ್ಕೆ ಒಂದು ಗಡುವು ಇತ್ತು. ಒಂದು ತಿಂಗಳ ಹಿಂದೆ ಹಡಗಲಿಯಲ್ಲಿ ಹೆಣ್ಣು ನೋಡಿ ಬಂದಿದ್ದೆ. ಅದಕ್ಕೂ ಮುಂಚೆ ನೋಡಿದ್ದ ಹುಡುಗಿಯರೆಲ್ಲ ಅವಲಕ್ಕಿ ತಟ್ಟೆ ಇಟ್ಟು ಒಳಗೆ ಹೋಗಿದ್ದರು. ಇವಳು ತಟ್ಟೆ ಇಟ್ಟು ಅಲ್ಲೇ ನಿಂತಳು.

‘ಗಾಡಿ ಮ್ಯಾಲೆ ಗುಡ್ಡಕ್ಕ ಹೋಗ್ತೀರಂತಲ್ರಿ, ಅಲ್ಲಿ ಜನ ಹೆಂಗ ಇರ್ತಾರ್ರಿ?’ ಅಂದಳು.

‘ಜನರನ್ನ ಯಾರು ಮಾತಾಡ್ಸಾಕ ಹೋಗ್ಯಾರ್ರಿ, ಗುಡ್ಡ ನೋಡಿ ಬರ್ತೀವಿ’ ಅಂದೆ. ನನಗೆ ಅದು ಬಹಳ ಗತ್ತಿನ ಉತ್ತರ ಅನಿಸಿತ್ತು. ಅವಳು ಸಣ್ಣಗೆ ನಕ್ಕು ಒಳಗೆ ಹೋದಳು. ಅಲ್ಲಿಂದ ಕೊಟ್ಟೂರಿಗೆ ಗಾಡಿ ಹೇಗೆ ಓಡಿಸಿಕೊಂಡು ಬಂದೆನೋ ನೆನಪಿಲ್ಲ. ಮನಸ್ಸು ಅಲ್ಲೇ ಉಳಿದಿತ್ತು.

ನಮ್ಮವ್ವ ಮಾತ್ರ ‘ಹುಡುಗಿ ಬಾಯಿ ಮುಂದೈತಿ’ ಅಂತ ಹಟ ಹಿಡಿದಳು. ಅವಳನ್ನು ಒಪ್ಪಿಸುವಷ್ಟರಲ್ಲಿ ಹುಡುಗಿಯ ಅಪ್ಪನಿಗೆ ಬೇಸರ ಬಂದಿತ್ತು. ‘ಮಂಗಳವಾರ ದೀಪ ಹಚ್ಚೋದ್ರೊಳಗ ಹುಡುಗ ತಾನ ಬಂದು ಒಪ್ಪಿಗಿ ಹೇಳ್ಲಿ. ಇಲ್ಲಾಂದ್ರ ಹರಪನಹಳ್ಳಿಯವ್ರು ಕಾಯಾಕತ್ಯಾರ, ಅವ್ರಿಗೆ ಎಲಿ-ಅಡಿಕಿ ಕೊಡ್ತೀವಿ’ ಅಂತ ಹೇಳಿ ಕಳಿಸಿದರು. ಗುಡ್ಡದ ತಿರುಗಾಟ ಸೋಮವಾರ-ಮಂಗಳವಾರಕ್ಕೆ ಮೊದಲೇ ಗೊತ್ತಾಗಿತ್ತು. ಬಿಡಬೇಕಿತ್ತು. ಬಿಡಲಿಲ್ಲ. ಮಂಗಳವಾರ ಮಧ್ಯಾಹ್ನಕ್ಕೆ ಬಂದು, ಮೈ ತೊಳಕೊಂಡು, ಅಣ್ಣನ ಕೂಡ ಹಡಗಲಿಗೆ ಹೋದರಾಯಿತು ಅಂತ ನನ್ನ ಲೆಕ್ಕ.

ಸೋಮವಾರ ಉಜ್ಜಿನಿಯ ಮೇಲೆ ಹಾದು, ಕಾನಹೊಸಹಳ್ಳಿಯಲ್ಲಿ ಪೆಟ್ರೋಲು ತುಂಬಿಸಿ, ಹೆದ್ದಾರಿ ಬಿಟ್ಟು ಗುಡ್ಡದ ಸೀಮೆಗೆ ಇಳಿದೆವು. ಆ ಕಡೆಯ ದಾರಿಗಳು ದಾರಿಗಳೇ ಅಲ್ಲ. ಎತ್ತಿನ ಗಾಡಿಯ ಚಕ್ರ ಕೊರೆದ ಎರಡು ಗೆರೆ, ನಡುವೆ ಹುಲ್ಲು, ಅಕ್ಕಪಕ್ಕ ಮನೆ ಗಾತ್ರದ ಬಂಡೆಗಳು. ಒಂದು ಕಣಿವೆ ಹತ್ತಿ ಇಳಿದರೆ ಹತ್ತು ಮನೆಯ ಒಂದು ಊರು, ಅದನ್ನು ದಾಟಿದರೆ ಮತ್ತೊಂದು ಕಣಿವೆ. ಎಷ್ಟೋ ಊರುಗಳಿಗೆ ಬಸ್ಸೇ ಇರಲಿಲ್ಲ. ಮೂರು ಗಾಡಿ ಸಾಲಾಗಿ ಬಂದರೆ ನಾಯಿಗಳು ಊರ ಗಡಿಯವರೆಗೂ ಬೊಗಳಿಕೊಂಡು ಬಂದು ಬೀಳ್ಕೊಡುತ್ತಿದ್ದವು. ಎಲ್ಲೂ ಇಳಿಯದೆ ಹೋಗುವುದೇ ನಮಗೆ ದೊಡ್ಡಸ್ತಿಕೆ.

ಮಂಗಳವಾರ ಬೆಳಿಗ್ಗೆ ಉಳಿದದ್ದು ಒಂದೇ ಕಣಿವೆ. ಅದರ ನೆತ್ತಿಯ ಮೇಲೆ ಒಂದು ಊರು, ದಾರಿ ಊರ ನಡುವೆಯೇ ಹಾದು ಆಚೆ ಕೂಡ್ಲಿಗಿ ಕಡೆಗೆ ಇಳಿಯುತ್ತಿತ್ತು. ಊರ ಬಾಯಿಗೆ ಬಂದಾಗ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಕೊಂಬೆಗಳನ್ನು ಎಳೆದಿದ್ದರು.

‘ಕುರಿ ಹೋಗಬಾರ್ದು ಅಂತ ಇಟ್ಟಿರ್ತಾರ’ ಅಂದ ಸಾವ್ಕಾರ.

ಆದರೆ ಆ ಮುಳ್ಳಿಗೆ ಬೇವಿನ ಸೊಪ್ಪು ಕಟ್ಟಿದ್ದರು, ಅರಿಶಿಣ ಹಚ್ಚಿದ ಬಟ್ಟೆಯ ಚೂರೂ ಇತ್ತು. ಅವರಿಬ್ಬರೂ ನೋಡಲಿಲ್ಲ, ನಾನು ನೋಡಿದೆ. ನಮ್ಮಜ್ಜಿ ಹೇಳುತ್ತಿದ್ದಳು: ದನಗಳಿಗೆ ಕಾಲುಬಾಯಿ ಬೇನೆ ಬಂದರೆ ಊರಿನವರೆಲ್ಲ ಹೊರಬೀಡು ಮಾಡುತ್ತಾರೆ. ಹೊತ್ತು ಮೂಡುವುದರೊಳಗೆ ಮಕ್ಕಳು ಮರಿ, ಕೋಳಿ, ದನ ಎಲ್ಲ ಹೊಡೆದುಕೊಂಡು ಊರ ಹೊರಗೆ ಹೋಗಿ, ಬೇನೆಯನ್ನು ಖಾಲಿ ಊರಿನೊಳಗೆ ಬಿಟ್ಟು ಮುಳ್ಳು ಎಳೆಯುತ್ತಾರೆ. ಹೊತ್ತು ಮುಳುಗುವವರೆಗೆ ಒಳಗೆ ಒಲೆ ಉರಿಯಬಾರದು. ಇಷ್ಟೂ ಗೊತ್ತಿದ್ದವನು ನಾನು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಸುತ್ತಿ ಹೋದರೆ ಅರ್ಧ ದಿನ ಹಾಳು. ಕೋಲಿನಿಂದ ಕೊಂಬೆ ಪಕ್ಕಕ್ಕೆ ತಳ್ಳಿದವನೂ ನಾನೇ.

ಒಳಗೆ ನರಪಿಳ್ಳೆ ಇಲ್ಲ. ಮನೆಗಳ ಬಾಗಿಲು ಮುಂದೆ ಮಾಡಿದ್ದರು, ಒಂದಕ್ಕೂ ಬೀಗವಿಲ್ಲ. ಅರ್ಧ ಊರು ದಾಟಿರಲಿಲ್ಲ, ನನ್ನ ಗಾಡಿಯ ಹಿಂದಿನ ಚಕ್ರ ಪುಸ್ಸೆಂದಿತು. ನಾನೇ ತಳ್ಳಿದ ಜಾಲಿಯ ಮುಳ್ಳು ಬೆರಳುದ್ದ ಒಳಗೆ ಹೊಕ್ಕಿತ್ತು.

‘ಆಗ್ಲಿ ಬಿಡ್ಲೇ ಯಾರ್, ಅರ್ಧ ತಾಸಿನ ಕೆಲಸ’ ಅಂತ ಮಿಸ್ತ್ರಿ ಟೈರು ಬಿಚ್ಚಲು ಕುಳಿತ. ಸಾವ್ಕಾರ ಸುಮ್ಮನಿರಬೇಕಲ್ಲ! ಟ್ಯೂಬಿನ ತೂತು ನೋಡಲು ನೀರಿಗೆಂದು ನಾನು ಕೊಡ ಹುಡುಕಿಕೊಂಡು ಕೈಪಂಪಿಗೆ ಹೋಗಿ ಬರುವಷ್ಟರಲ್ಲಿ ಮೂರು ಕಲ್ಲು ಹೂಡಿ, ಪುಳ್ಳೆ ಒಟ್ಟಿ, ಚಹಾಕ್ಕೆ ಬೆಂಕಿ ಹಾಕಿಬಿಟ್ಟಿದ್ದ. ಬೂದು ಹೊಗೆ ನೆಟ್ಟಗೆ ಮೇಲೆ ಏರುತ್ತಿತ್ತು. ಕೊಡ ಅಲ್ಲೇ ಇಟ್ಟು ಓಡಿದೆ.

‘ಆರಿಸ್ಲೇ ಅದನ್ನ!’ ಅಂತ ಕೂಗಿದೆ.

ಹೊತ್ತು ಮೀರಿತ್ತು. ಊರಿನ ಆ ತುದಿಯಿಂದ ಜನರ ಕೂಗು ಕೇಳಿಸಿತು. ಹೋಗಿ ನೋಡಿದರೆ ಅಲ್ಲೂ ಮುಳ್ಳಿನ ಬೇಲಿ, ಅದರಾಚೆ ಹುಣಸೆ ತೋಪಿನಲ್ಲಿ ಇಡೀ ಊರು ಬಿಡಾರ ಹೂಡಿತ್ತು. ದನಗಳು, ಅಡುಗೆಯ ಗಡಿಗೆಗಳು, ಜೋಳಿಗೆಯಲ್ಲಿ ಕೂಸುಗಳು. ಹೆಂಗಸರು ಬಾಯಿಗೆ ಬಂದ ಹಾಗೆ ಬೈದರು. ನಾಲ್ಕು ಗಂಡಸರು ಊರ ಹೊರಗಿನಿಂದಲೇ ಸುತ್ತಿ ಹೋಗಿ ನಾವು ಬಂದ ಬಾಯಿಗೆ ಮತ್ತೆ ಮುಳ್ಳು ಎಳೆದು ಅಲ್ಲೇ ಕುಳಿತರು.

ಊರ ಯಜಮಾನ ಬೈಯಲಿಲ್ಲ. ಬೇಲಿಯ ಆಚೆ ಕುಕ್ಕರಗಾಲಲ್ಲಿ ಕುಳಿತು ಸಮಾಧಾನದಿಂದ ಹೇಳಿದ. ‘ನೋಡ್ರಪಾ, ಬ್ಯಾನಿ ಒಳಗ ಐತಿ, ನಮ್ಮ ದನ ಹೊರಗ ಅದಾವ. ನೀವು ಹೊರಗ ಬಂದ್ರ ಅದೂ ನಿಮ್ಮ ಬೆನ್ನಿಗೆ ಬರತೈತಿ. ಹೊತ್ತು ಮುಳುಗಿದ ಮ್ಯಾಲ ನಾವ ಮುಳ್ಳು ತಗಿತೀವಿ. ಅಲ್ಲೀತನ ಅಲ್ಲೇ ಇರ್ರಿ.’

‘ಯಜಮಾನ್ರ, ನನಗ ಹೊತ್ತು ಮುಳುಗೋದ್ರೊಳಗ ಹಡಗಲ್ಯಾಗ ಇರಬೇಕ್ರಿ!’

‘ಇರಬೇಕಾಗಿತ್ತು’ ಅಂದ ಅವನು.

ಹೀಗೆ ನಾವು ಒಳಗೆ, ಊರು ಹೊರಗೆ. ಮಧ್ಯಾಹ್ನ ಅವರೇ ಬಟ್ಟೆಯಲ್ಲಿ ಸುತ್ತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬೇಲಿಯ ಮೇಲಿಂದ ಒಗೆದರು. ಒಳಗೆ ಬರುವುದು ಬರಬಹುದು, ಹೊರಗೆ ಹೋಗುವಂತಿಲ್ಲ. ಸಾವ್ಕಾರ ನಾಲ್ಕು ರೊಟ್ಟಿ ಹೊಡೆದು ಕಟ್ಟೆಯ ಮೇಲೆ ಗೊರಕೆ ಹೊಡೆದ. ನಾನು ನನ್ನ ರೊಟ್ಟಿ ಮಿಸ್ತ್ರಿಗೆ ಕೊಟ್ಟೆ. ಆ ಖಾಲಿ ಓಣಿಯಲ್ಲಿ ಈ ಬೇಲಿಯಿಂದ ಆ ಬೇಲಿಗೆ ಎಷ್ಟು ಸಲ ಅಡ್ಡಾಡಿದೆನೋ! ಇಷ್ಟು ವರ್ಷ ಊರುಗಳನ್ನು ನಿಲ್ಲದೆ ದಾಟಿದವನಿಗೆ ಒಂದು ಊರು ದಾಟಲಾಗದೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಬಾಗಿಲುಗಳು ಗಾಳಿಗೆ ಕಿರುಗುಟ್ಟಿದಾಗಲೆಲ್ಲ ಯಾರೋ ನನ್ನ ಬೆನ್ನಿಗೆ ನಿಂತಿದ್ದಾರೆ ಅನಿಸಿ ತಿರುಗಿ ನೋಡುತ್ತಿದ್ದೆ. ನಂಬಿಕೆ ಇಲ್ಲ ಅಂತ ಎಷ್ಟು ಹೇಳಿಕೊಂಡರೂ ಹಾಗೇ.

ನೆರಳು ಪೂರ್ವಕ್ಕೆ ಉದ್ದವಾಗತೊಡಗಿತು. ಸಾವ್ಕಾರ ಎದ್ದು ಕಣ್ಣುಜ್ಜಿಕೊಂಡು ಅಂದ: ‘ಲೇ, ಎರಡು ಕೊಂಬಿ ಮುಳ್ಳು ಅದು. ಸರ್ಸು, ಗಾಡಿ ಎತ್ತು, ನಡಿ. ಏನು ಗುಂಡು ಹೊಡೀತಾರೇನು?’

‘ಬ್ಯಾಡ’ ಅಂದ ಮಿಸ್ತ್ರಿ. ‘ಅವ್ರ ಮನ್ಯಾಗ ನಾವು ಅದೀವಿ. ಅವ್ರು ಹೇಳ್ದಂಗ ಕೇಳಬೇಕು.’

‘ನಿನಗೇನು, ನಿನಗ ಮದುವಿ ಆಗೇತಿ!’ ಅಂತ ಅವನ ಮೇಲೆ ಹರಿಹಾಯ್ದೆ. ಗಾಡಿ ಚಾಲೂ ಮಾಡಿ ಬೇಲಿಯ ಹತ್ತಿರ ಬಂದೆ.

ಬೇಲಿಗೆ ಹತ್ತಿಕೊಂಡೇ ಒಂದು ಎಮ್ಮೆ ಮಲಗಿತ್ತು. ತುಂಬಿದ ಗಬ್ಬದ ಎಮ್ಮೆ, ಗೊರಸು ಹುಣ್ಣಾಗಿ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬೆಳಿಗ್ಗೆಯಿಂದ ಅದರ ಪಕ್ಕ ಒಬ್ಬ ಮುದುಕಿ ಕುಳಿತು ಬೇವಿನ ನೀರಿನಲ್ಲಿ ಕಾಲು ತೊಳೆಯುತ್ತಿದ್ದಳು. ಯಜಮಾನ ಎದ್ದು ಬಂದ, ಜನರೂ ಬಂದರು. ಯಾರೂ ನನ್ನ ಮುಂದೆ ನಿಲ್ಲಲಿಲ್ಲ. ಮುದುಕಿ ತಲೆ ಎತ್ತಿ ನೋಡಿದಳು.

‘ಹೋಗೋದಾದ್ರ ಹೋಗ್ ತಮ್ಮಾ. ನಿನಗ ಏನು ಅವಸರ ಐತೋ. ಇದು ಎದ್ದು ಆ ಕಡಿ ಹೋಗಂಗಿಲ್ಲ. ಸ್ವಲ್ಪ ತಡಿ, ಇದರ ಮಕಕ್ಕ ಸೆರಗು ಮುಚ್ಚತೀನಿ, ಆಮ್ಯಾಗ ಹೋಗು.’

ಅಂದವಳೇ ಉಟ್ಟ ಸೀರೆಯ ಸೆರಗನ್ನು ಬಿಚ್ಚಿ ಎಮ್ಮೆಯ ಮುಖದ ಮೇಲೆ ಹೊದಿಸಿ, ತಾನೂ ಅದರ ಕೊರಳಿನ ಮೇಲೆ ಬಗ್ಗಿದಳು.

ನನಗೆ ಕರುಣೆ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಬೈದಿದ್ದರೆ, ಕಲ್ಲು ಹೊಡೆದಿದ್ದರೆ ಮುಳ್ಳು ಹಾರಿಸಿಕೊಂಡು ಹೋಗುತ್ತಿದ್ದೆ. ಹೋಗು ಅಂದುಬಿಟ್ಟಳಲ್ಲ! ಗಾಡಿಯ ಕೀಲಿ ತಿರುವಿ ಬಂದ್ ಮಾಡಿದೆ.

ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು, ‘ಏನಪಾ ಅಂಥಾ ಅವಸರ?’

‘ಹೆಣ್ಣಿನ ಮನಿಗೆ ಮಾತು ಕೊಡೋದೈತಿ, ಯವ್ವಾ. ಇವತ್ತ ಹೋಗಬೇಕು.’

‘ಹೆಣ್ಣು ಕೊಡೋರು ಒಂದಿನ ಕಾಯಂಗಿಲ್ಲೇನು? ಚಿಂತಿ ಮಾಡಬ್ಯಾಡ, ಕಾಯ್ತಾರ’ ಅಂತ ಮತ್ತೆ ಎಮ್ಮೆಯ ಕಾಲು ಹಿಡಿದಳು.

ಹೊತ್ತು ಮುಳುಗುವುದನ್ನು ಅಷ್ಟು ದ್ವೇಷದಿಂದ, ಅಷ್ಟು ಆಸೆಯಿಂದ ನಾನು ಇನ್ನಾವತ್ತೂ ನೋಡಿಲ್ಲ. ಕೆಂಪು ಆರಿದ ಮೇಲೆ ಯಜಮಾನ ಕೋಲಿನಿಂದ ಮುಳ್ಳು ಎತ್ತಿ ಹಾಕಿದ. ದನಗಳು ಒಳಗೆ ನುಗ್ಗಿದವು. ನಾಲ್ಕು ಜನ ಗಳ ಕೊಟ್ಟು ಎಮ್ಮೆಯನ್ನು ಎಬ್ಬಿಸಲು ಒದ್ದಾಡುತ್ತಿದ್ದರು, ಮುದುಕಿ ‘ಏಳವ್ವಾ, ಏಳ ನನ್ನವ್ವಾ’ ಅನ್ನುತ್ತಿದ್ದಳು. ನಾನು ಅವರ ಪಕ್ಕದಿಂದಲೇ ಗಾಡಿ ಹಾಯಿಸಿಕೊಂಡು ಹೋದೆ. ತಿರುಗಿ ನೋಡಲಿಲ್ಲ. ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಮನೆಮನೆಯಲ್ಲಿ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ಹಡಗಲಿಯವರ ಮನೆಯಲ್ಲಿ ಫೋನೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಹಗರಿಬೊಮ್ಮನಹಳ್ಳಿಯ ಮೇಲೆ ಹಡಗಲಿಗೆ ಹೋದೆ. ಪಡಸಾಲೆಯಲ್ಲಿ ಎಲೆ-ಅಡಿಕೆಯ ತಟ್ಟೆ ಇನ್ನೂ ಅಲ್ಲೇ ಇತ್ತು, ಎಲೆ ಬಾಡಿದ್ದವು. ಅವಳ ಅಪ್ಪ ‘ಬರ್ರಿ, ಕುಂದ್ರಿ’ ಅಂದರು. ಆ ಮರ್ಯಾದೆಯಲ್ಲೇ ಎಲ್ಲ ತಿಳಿಯಿತು.

‘ದೀಪ ಹಚ್ಚಿದ ಮ್ಯಾಲೂ ಒಂದು ತಾಸು ದಾರಿ ನೋಡಿದ್ವಿ. ಆಮ್ಯಾಲ ಹರಪನಹಳ್ಳಿಯವ್ರಿಗೆ ಮಾತು ಕೊಟ್ವಿ. ಕೊಟ್ಟ ಮಾತು, ಇನ್ನು ಬದಲಿ ಮಾಡಾಕ ಬರಂಗಿಲ್ರಿ.’

ನಾನು ಹೇಳಿದೆ. ಮುಳ್ಳು, ಪಂಕ್ಚರು, ಹೊಗೆ, ಯಜಮಾನ, ಎಮ್ಮೆಯ ಮೇಲೆ ಸೆರಗು ಹೊದಿಸಿದ ಮುದುಕಿ, ಎಲ್ಲವನ್ನೂ ಹೇಳಿದೆ. ಬೇವಿನ ಸೊಪ್ಪು ನೋಡಿದ್ದನ್ನು ಮಾತ್ರ ಬಿಟ್ಟೆ. ಅಣ್ಣ ನೆಲ ನೋಡುತ್ತಿದ್ದ. ಅವಳ ಅಪ್ಪ ಪಾಪ ಅನ್ನುವ ಹಾಗೆ ತಲೆಯಾಡಿಸಿದರು. ನಡುಮನೆಯ ಬಾಗಿಲಿನಲ್ಲಿ ಅವಳು ನಿಂತಿದ್ದಳು. ಕಣ್ಣು ಊದಿದ್ದವೋ ಏನೋ, ನನ್ನ ಆಸೆಗೆ ಹಾಗೆ ಕಂಡಿತೋ, ಗೊತ್ತಿಲ್ಲ. ನನ್ನ ಮಾತು ಮುಗಿದ ಮೇಲೆ ಒಂದೇ ಮಾತು ಕೇಳಿದಳು.

‘ಎಮ್ಮಿ ಉಳೀತೇನ್ರಿ?’

ದಿನವಿಡೀ ಅದರ ಎದುರಿಗೆ ಇದ್ದವನು ನಾನು, ಅದರ ಪಕ್ಕದಿಂದಲೇ ಹಾದು ಬಂದವನು.

‘ಗೊತ್ತಿಲ್ರಿ’ ಅಂದೆ.

ಮೊದಲ ದಿನ ನಕ್ಕ ಹಾಗೆ ಈ ಸಲ ನಗಲಿಲ್ಲ. ಒಳಗೆ ಹೋದಳು.

ಎರಡು ವಾರ ಅಂಗಡಿಯಲ್ಲಿ ಕುಳಿತು ಆ ಒಂದು ಪ್ರಶ್ನೆಯನ್ನು ಅಗಿದೆ. ಪಾಟಿ ಕೇಳಿದವರಿಗೆ ಪೆನ್ಸಿಲ್ಲು ಕೊಟ್ಟೆ. ಕೊನೆಗೆ ತಡೆಯಲಾಗದೆ ಒಂದು ಭಾನುವಾರ ಆ ಊರಿಗೆ ಒಬ್ಬನೇ ಗಾಡಿ ಹತ್ತಿದೆ. ಈ ಸಲ ಊರ ಬಾಯಿಯಲ್ಲಿ ಗಾಡಿ ಬಂದ್ ಮಾಡಿ ನೂಕಿಕೊಂಡು ಹೋದೆ. ಮುದುಕಿಯ ಮನೆ ಕೇಳಿದೆ. ತೋರಿಸಿದರು.

ಅಂಗಳದಲ್ಲಿ ಎಮ್ಮೆ ನಿಂತಿತ್ತು, ಕುಂಟುತ್ತಿದ್ದರೂ ನಿಂತಿತ್ತು. ಕಾಲಡಿಯಲ್ಲಿ ನಾಲ್ಕು ದಿನದ ಹೆಣ್ಣು ಕರು. ನನಗೆ ನಾಚಿಕೆ ಇಲ್ಲದೆ ಅಳು ಬಂತು. ಮುದುಕಿ ನನ್ನ ಗುರುತು ಹಿಡಿದಳು.

‘ಬಾ ತಮ್ಮಾ! ಕಾಯ್ತಾರ ಅಂತ ಹೇಳಿದ್ನಿಲ್ಲ? ಕಾದ್ರಿಲ್ಲ?’

ಅವಳ ಮುಖ ಅಷ್ಟು ಅರಳಿತ್ತು. ‘ಹ್ಞೂಂ ಯವ್ವಾ, ಕಾದ್ರು’ ಅಂದೆ.

ಒಳಗೆ ಹೋಗಿ ಒಂದು ಡಬ್ಬಿ ತುಂಬ ಗಿಣ್ಣ ತಂದು ಕೈಯಲ್ಲಿಟ್ಟಳು, ಬೆಲ್ಲ-ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಹೊಸ ಹಾಲಿನ ಗಿಣ್ಣ, ಇನ್ನೂ ಬೆಚ್ಚಗಿತ್ತು. ‘ನೀ ಅವತ್ತು ನಿಂತಿದ್ದಕ್ಕ ಇದು ಉಳೀತು. ಇದನ್ನ ಆ ಹುಡುಗಿಗೆ ಕೊಡು. ಎಮ್ಮಿ ಉಳಿದೈತಿ ಅಂತ ಹೇಳು.’

ಡಬ್ಬಿಯನ್ನು ಗಾಡಿಯ ಟ್ಯಾಂಕಿನ ಮೇಲೆ ಇಟ್ಟುಕೊಂಡು, ತೊಡೆಯಲ್ಲಿ ಒತ್ತಿ ಹಿಡಿದು ಕಣಿವೆ ಇಳಿದೆ. ಕೂಡ್ಲಿಗಿಯಲ್ಲಿ ಹಡಗಲಿಯ ದಾರಿಯ ಬಾಯಿಗೆ ಬಂದು ನಿಲ್ಲಿಸಿದೆ. ಅಲ್ಲಿ ಮುಳ್ಳೇನೂ ಇರಲಿಲ್ಲ. ಆದರೂ ದಾಟಲಾಗಲಿಲ್ಲ. ಅವಳ ಮದುವೆಗೆ ಆಗ ಎಂಟು ದಿನ ಉಳಿದಿತ್ತು. ಗಾಡಿ ತಿರುಗಿಸಿದೆ.

ಮನೆಗೆ ಬಂದು ಡಬ್ಬಿ ಇಟ್ಟೆ. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು ‘ಯಾರ ಮನಿದೋ ಇದು, ಬಾಳ ಚೊಲೋ ಐತಿ’ ಅಂದಳು. ನನಗೂ ಆಮೇಲೆ ಮದುವೆಯಾಯಿತು, ಮಕ್ಕಳಾದರು, ಯಾವುದಕ್ಕೂ ಕೊರತೆಯಿಲ್ಲ. ಈಗ ಯಾವ ಊರಿಗೆ ಹೋದರೂ ಮೊದಲು ಗಾಡಿ ಬಂದ್ ಮಾಡಿ ಜನರನ್ನು ಮಾತಾಡಿಸುತ್ತೇನೆ. ಎಮ್ಮೆ ಉಳಿಯಿತು ಅಂತ ಅವಳಿಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ.